ಬೆಳ್ಳಿ ಮುಗಿದ ಮೇಲೆ

ವಿದ್ಯಾಪೀಠಗಳು ರಾಜ್ಯದ ವೈಭವಕಾಲದಲ್ಲಿ ಹುಟ್ಟುತ್ತವೆಂಬುದು ರೂಢಿಯ ನಂಬಿಕೆ. ಜರ್ಮನಿಯ ಫ್ರೈಬರ್ಗ್ ಗಣಿ ವಿದ್ಯಾಪೀಠದ ಚರಿತ್ರೆಯನ್ನು ಓದಿದಾಗ ನನಗೆ ಆ ನಂಬಿಕೆ ಸಡಿಲವಾಯಿತು. ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಸ್ಯಾಕ್ಸನಿಯ ಬೊಕ್ಕಸ ಬರಿದಾಗಿತ್ತು. ಆರು ಶತಮಾನಗಳಿಂದ ಬೆಳ್ಳಿಯಿತ್ತ ನೆಲವೇ ಮತ್ತೆ ಆಸರೆಯಾಗಬೇಕಿತ್ತು; ಅದನ್ನು ಶಾಸ್ತ್ರವರಿತು ಅಗೆಯುವವರು ಬೇಕಿದ್ದರು. 1765ರಲ್ಲಿ ವಿದ್ಯಾಪೀಠ ತಲೆಯೆತ್ತಿತು.

ಖನಿಜಶಾಸ್ತ್ರದ ಮಹಾಗುರು ವೆರ್ನರ್ 1775ರಿಂದ ನಾಲ್ವತ್ತು ವರ್ಷಗಳಿಗೂ ಮಿಕ್ಕಿ ಅಲ್ಲಿ ಪಾಠ ಹೇಳಿದರು. ವಿಜ್ಞಾನಿ ಹಂಬೋಲ್ಟ್ ಅವರ ಶಿಷ್ಯರು. ಕವಿ ನೊವಾಲಿಸ್ ಕೂಡ. ನೊವಾಲಿಸರ ಕಾದಂಬರಿಯೊಂದರಲ್ಲಿ ಭೂಗರ್ಭದ ಕಥೆ ಹೇಳುವ ಮುದಿ ಗಣಿಗಾರನಿದ್ದಾನೆ. ಅವನ ಗುರುವಿನ ಹೆಸರೂ ವೆರ್ನರ್. ಶಿಷ್ಯನು ಸಲ್ಲಿಸಿದ ಗುರುದಕ್ಷಿಣೆಯೆಂದೇ ನಾನು ಅದನ್ನು ಭಾವಿಸುತ್ತೇನೆ.

1863ರ ಒಂದು ಸಂಗತಿ ನನಗೆ ಇನ್ನೂ ಪ್ರಿಯ. ಅಲ್ಲಿನ ಪ್ರಾಧ್ಯಾಪಕ ರೈಖ್ ಸತುವಿನ ಅದಿರನ್ನು ಪರೀಕ್ಷಿಸುತ್ತಿದ್ದರು. ಅವರು ವರ್ಣಾಂಧರು; ಆದ್ದರಿಂದ ರೋಹಿತದರ್ಶಕದಲ್ಲಿ ನೋಡಲು ಸಹಾಯಕ ರಿಕ್ಟರರನ್ನು ಕರೆದರು. ಯಾರೂ ಕಂಡಿರದ ಕಡುನೀಲಿ ಗೆರೆಯೊಂದು ಅಲ್ಲಿ ಹೊಳೆಯಿತು. ಆ ಇಂಡಿಗೊ ಬಣ್ಣದಿಂದ ಹೊಸ ಲೋಹ 'ಇಂಡಿಯಮ್' ಆಯಿತು. ಇಂಡಿಗೊ ಎಂದರೆ ಮೂಲತಃ ಭಾರತದ್ದು ಎಂದರ್ಥ. ನಮ್ಮ ನೀಲಿಯ ಹೆಸರು ಸ್ಯಾಕ್ಸನಿಯ ಅದಿರಿಗೆ ಅಂಟಿತು!

ಫ್ರೈಬರ್ಗಿನ ಬೆಳ್ಳಿಗಣಿಗಳು 1913ರಲ್ಲಿ ಮುಚ್ಚಿದವು. ಸೀಸ, ಸತುವಿಗಾಗಿ ಮತ್ತೆ ತೆರೆದವೂ 1969ರಲ್ಲಿ ನಿಂತವು. ಬೆಳ್ಳಿಗಾಗಿ ಹುಟ್ಟಿದ ವಿದ್ಯೆ ಮಾತ್ರ ಉಳಿಯಿತು. ಹಳೆಯ ಗಣಿಯೊಂದು ಈಗ ವಿದ್ಯಾರ್ಥಿಗಳ ಪ್ರಯೋಗಶಾಲೆ. ಅಂದು ಕಂಡ ಇಂಡಿಯಮ್ ನಮ್ಮ ಮೊಬೈಲ್ ಪರದೆಗಳಲ್ಲಿದೆ.