ಚಕಲ್ತಾಯ: ಕರಗಿಹೋದ ಒಂದು ಆಟದ ಬಯಲು



ಭೂಗೋಳದ ತರಗತಿಯಲ್ಲಿ ಹಿಮರೇಖೆಯ ಪಾಠ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ ಒಂದು ಪರ್ವತವನ್ನು ಬಿಡಿಸಿ, ಅದರ ನೆತ್ತಿಗೆ ಸೀಮೆಸುಣ್ಣ ಬಳಿದು, "ಈ ರೇಖೆಯ ಮೇಲಿರುವುದು ಶಾಶ್ವತ ಹಿಮ" ಎಂದು ಬರೆಸುತ್ತಿದ್ದೆ. ನೀವು ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕವನ್ನೂ ಪಡೆದಿರಿ. ಆ 'ಶಾಶ್ವತ' ಎಂಬ ಪದವನ್ನು ಇಂದು ತಿದ್ದಬೇಕಾಗಿದೆ. ಅದಕ್ಕಾಗಿ ದಕ್ಷಿಣ ಅಮೆರಿಕದ ಬೊಲಿವಿಯ ದೇಶದಲ್ಲಿದ್ದ ಒಂದು ಹಿಮಕ್ರೀಡೆಯ ತಾಣದ ಕಥೆಯನ್ನು ಹೇಳುತ್ತೇನೆ.

ಚಕಲ್ತಾಯ ಎಂಬುದು ಆಂಡೀಸ್ ಪರ್ವತಶ್ರೇಣಿಯ ಒಂದು ಶಿಖರ. ಎತ್ತರ 5,421 ಮೀಟರ್. ನಮ್ಮ ಮುಳ್ಳಯ್ಯನಗಿರಿಯಂಥ ಎರಡು ಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಅದಕ್ಕೆ ಸಮವಾಗದು. ಅಲ್ಲಿನ ಅಯ್ಮಾರ ಭಾಷೆಯಲ್ಲಿ ಈ ಹೆಸರಿಗೆ 'ತಣ್ಣನೆಯ ದಾರಿ' ಎಂದು ಅರ್ಥ ಹೇಳುತ್ತಾರೆ. ಅಟ್ಲಾಸನ್ನು ತೆರೆದು ನೋಡಿ: ಭೂಮಧ್ಯರೇಖೆಯಿಂದ ನಮ್ಮ ಬಾಗಲಕೋಟೆ ಉತ್ತರಕ್ಕೆ ಎಷ್ಟು ದೂರವೋ, ಚಕಲ್ತಾಯ ದಕ್ಷಿಣಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಉಷ್ಣವಲಯದಲ್ಲಿದ್ದೂ ಅಲ್ಲಿ ಹಿಮನದಿಯೊಂದು ನೆಲೆಸಿತ್ತೆಂದರೆ ಅದಕ್ಕೆ ಕಾರಣ ಎತ್ತರವೊಂದೇ. ಆ ಹಿಮನದಿ ಸುಮಾರು 18,000 ವರ್ಷಗಳಷ್ಟು ಹಳೆಯದೆಂದು ಅಂದಾಜು.

ಲಾ ಪಾಸ್ ನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಈ ಇಳಿಜಾರಿನಲ್ಲಿ, 1939ರಲ್ಲಿ ಸ್ಥಾಪನೆಯಾದ 'ಕ್ಲಬ್ ಅಂಡಿನೋ ಬೊಲಿವಿಯಾನೋ' ಎಂಬ ಪರ್ವತಪ್ರಿಯರ ಸಂಘವು ಸ್ಕೀಯಿಂಗ್ ಆಟವನ್ನು, ಅಂದರೆ ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಕ್ರೀಡೆಯನ್ನು, ಬೆಳೆಸಿತು. ಜಾರಿ ಕೆಳಗಿಳಿದವರನ್ನು ಮತ್ತೆ ಮೇಲೇರಿಸಲು ಮೋಟಾರು ಕಾರಿನ ಇಂಜಿನ್ನಿನಿಂದ ಓಡುವ ಒಂದು ಎಳೆಹಗ್ಗವನ್ನು ಅಳವಡಿಸಿದರು. ಆಟಗಾರರು ತಮ್ಮ ಕೊಕ್ಕೆಯನ್ನು ಆ ಹಗ್ಗಕ್ಕೆ ಸಿಕ್ಕಿಸಿಕೊಂಡು ಮೇಲೇರಬೇಕಿತ್ತು. ದಕ್ಷಿಣ ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಬಂಡೆಗಳ ಅಂಚಿನಲ್ಲಿ ಒಂದು ವಿಶ್ರಾಂತಿಗೃಹ, ಕುಡಿಯಲು ಬಿಸಿ ಕೋಕಾ ಎಲೆಯ ಕಷಾಯ, ವೈಭವವೆಂಬುದು ಅಷ್ಟೇ. ಆದರೂ ಜಗತ್ತಿನ ಅತ್ಯಂತ ಎತ್ತರದ ಸ್ಕೀಯಿಂಗ್ ತಾಣವೆಂಬ ಖ್ಯಾತಿ ಅದಕ್ಕೆ ಸಂದಿತು. ಸಮುದ್ರಮಟ್ಟದಲ್ಲಿ ದೊರೆಯುವ ಪ್ರಾಣವಾಯುವಿನ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ದೊರೆಯುವ ಆ ಎತ್ತರದಲ್ಲಿ ನಾಲ್ಕು ಹೆಜ್ಜೆ ನಡೆಯುವುದೇ ಪ್ರಯಾಸ. ಅಲ್ಲಿ ಅವರು ಆಡಿದರು!

ಅದೇ ಬೆಟ್ಟಕ್ಕೆ ವಿಜ್ಞಾನದ ಚರಿತ್ರೆಯಲ್ಲಿಯೂ ಸ್ಥಾನವಿದೆ. 1947ರಲ್ಲಿ ಬ್ರೆಜಿಲ್ಲಿನ ಭೌತವಿಜ್ಞಾನಿ ಸೆಸಾರ್ ಲಾಟೆಸ್ ಛಾಯಾಗ್ರಹಣದ ವಿಶೇಷ ಫಲಕಗಳನ್ನು ಅಲ್ಲಿಟ್ಟು, ವಿಶ್ವಕಿರಣಗಳು ಮೂಡಿಸಿದ ಗುರುತುಗಳಿಂದ 'ಪಯಾನ್' ಎಂಬ ಕಣದ ಇರವನ್ನು ದೃಢಪಡಿಸಿದರು. ವಿಶ್ವಕಿರಣಗಳನ್ನು ಹಿಡಿಯಲು ಅವರು ಮೇಲೇರಿದರೆ, ಅವುಗಳ ಕಾಟ ತಪ್ಪಿಸಿಕೊಂಡು ನ್ಯೂಟ್ರಿನೊಗಳನ್ನು ಹುಡುಕಲು ನಮ್ಮ ಕೋಲಾರದ ಚಿನ್ನದ ಗಣಿಯೊಳಗೆ ವಿಜ್ಞಾನಿಗಳು ಸುಮಾರು 2.3 ಕಿಲೋಮೀಟರ್ ಆಳಕ್ಕಿಳಿದು 1965ರಲ್ಲಿ ಯಶಸ್ಸು ಕಂಡರು.

ಇನ್ನು ಹಿಮನದಿಯ ಅವಸಾನದ ವಿಷಯ. ಚಕಲ್ತಾಯದಲ್ಲಿ ಚಳಿಗಾಲವು ಒಣಗಾಲ. ಮಳೆ ಮತ್ತು ಹಿಮ ಬೀಳುವುದು ಅಲ್ಲಿನ ಬೇಸಗೆಯಾದ ನವೆಂಬರಿನಿಂದ ಮಾರ್ಚಿಯವರೆಗೆ. ಹಿಮ ಕರಗುವುದೂ ಆಗಲೇ. ಹೊಸ ಹಿಮದ ಬಿಳಿಯ ಹೊದಿಕೆ ಇದ್ದರೆ ಬಿಸಿಲು ಪ್ರತಿಫಲಿಸಿ ಹಿಂದಿರುಗುತ್ತದೆ. ಹೊದಿಕೆ ತಡವಾದರೆ ಕೆಳಗಿನ ಮಾಸಲು ಮಂಜುಗಡ್ಡೆ ಬಿಸಿಲನ್ನು ಹೀರಿ ಕರಗತೊಡಗುತ್ತದೆ. ಎಲ್ ನಿನ್ಯೊ ವರ್ಷಗಳಲ್ಲಿ ಹಿಮಪಾತ ಕಡಿಮೆ, ತಾಪ ಹೆಚ್ಚು. ಅದರ ಮೇಲೆ ಭೂಮಿಯೇ ಬಿಸಿಯಾಗುತ್ತಿರುವಾಗ ಹಿಮನದಿಗೆ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಬಿಡುವೇ ಇರಲಿಲ್ಲ. ಹಿಮ ಸರಿದೊಡನೆ ಬಯಲಾದ ಕಪ್ಪು ಬಂಡೆಗಳು ಕಾದು, ಉಳಿದುದನ್ನೂ ಅಂಚಿನಿಂದ ಕರಗಿಸಿದವು.

1940ರಲ್ಲಿ ಈ ಹಿಮನದಿಯ ವಿಸ್ತಾರ 0.22 ಚದರ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು 54 ಎಕರೆ. 1992ರಿಂದ 1998ರೊಳಗೆ ಅದರ ಗಾತ್ರದ ಮೂರರಲ್ಲಿ ಎರಡು ಪಾಲು ನಷ್ಟವಾಯಿತು. ಎಡ್ಸನ್ ರಾಮಿರೆಸ್ ಮತ್ತು ಅವರ ಸಹೋದ್ಯೋಗಿಗಳು ಹದಿನೈದು ವರ್ಷಗಳೊಳಗೆ ಅದು ಇಲ್ಲವಾಗಬಹುದೆಂದು 2001ರಲ್ಲಿ ಎಚ್ಚರಿಸಿದರು. 2007ರಲ್ಲಿ ಉಳಿದದ್ದು ಎರಡೂವರೆ ಎಕರೆ. 2009ರಲ್ಲಿ ಅದೂ ಇಲ್ಲವಾಯಿತು. ಅಂದರೆ ಎಚ್ಚರಿಕೆ ಕೊಟ್ಟವರ ಗಡುವಿಗೂ ಹಲವು ವರ್ಷ ಮೊದಲೇ! ವಿಶ್ರಾಂತಿಗೃಹ ಉಳಿಯಿತು, ಅದರ ಮುಂದಿನ ಇಳಿಜಾರಿನಲ್ಲಿ ಕಲ್ಲುಗಳು ಉಳಿದವು.

ಕೆಲವರ ಆಟ ನಿಂತರೆ ಲೋಕಕ್ಕೇನು ನಷ್ಟ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹಿಮನದಿಯು ಬೆಟ್ಟದ ಮೇಲಿನ ಕಣಜವಿದ್ದಂತೆ. ಸುಗ್ಗಿಯಲ್ಲಿ ತುಂಬಿಕೊಂಡು ಕೊರತೆಯ ಕಾಲದಲ್ಲಿ ಅಳೆದಳೆದು ಕೊಡುತ್ತದೆ. ಚಕಲ್ತಾಯ ಚಿಕ್ಕ ಕಣಜ. ಆದರೆ ಅದೇ ಶ್ರೇಣಿಯ ಇತರ ಹಿಮನದಿಗಳು ಲಾ ಪಾಸ್ ನಗರದ ಜಲಮೂಲಗಳಿಗೆ ವರ್ಷದ ಸರಾಸರಿಯಲ್ಲಿ ಸುಮಾರು ಶೇಕಡಾ 15ರಷ್ಟು, ಒಣಗಾಲದಲ್ಲಿ ಶೇಕಡಾ 27ರಷ್ಟು ನೀರನ್ನು ಒದಗಿಸುತ್ತಿದ್ದವೆಂದು 1963ರಿಂದ 2006ರವರೆಗಿನ ಅವಧಿಯ ಅಧ್ಯಯನವೊಂದು ತೋರಿಸಿದೆ. 2016ರ ನವೆಂಬರಿನಲ್ಲಿ ಬರಗಾಲದಿಂದ ಅಲ್ಲಿನ ಜಲಾಶಯಗಳು ಬತ್ತಿ, ಸರ್ಕಾರ ತುರ್ತುಪರಿಸ್ಥಿತಿ ಘೋಷಿಸಿತು; ಜನ ಬಿಂದಿಗೆ, ಬಕೆಟ್ಟುಗಳನ್ನು ಹಿಡಿದು ಟ್ಯಾಂಕರಿಗೆ ಕಾದು ನಿಂತರು. ಅದಕ್ಕೆ ಮಳೆಯ ಅಭಾವವೇ ಮುಖ್ಯ ಕಾರಣವಾದರೂ, ಕಣಜ ಬರಿದಾಗುತ್ತಿರುವ ಮನೆಗೆ ಬರಗಾಲದ ಪೆಟ್ಟು ಹೆಚ್ಚು. ಟ್ಯಾಂಕರಿನ ಮುಂದೆ ಕಾಯುವ ಕಷ್ಟವನ್ನು ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಪಕ್ಕದ ಹಿಮನದಿಗಳಿಗಿಂತ ಚಕಲ್ತಾಯದ ಸಾವು ಎಲ್ಲರ ಕಣ್ಣಿಗೆ ಬಿದ್ದದ್ದೇಕೆ? ಅಲ್ಲಿ ಜನ ಆಡಿದ್ದರು. ತಾವು ಜಾರಿದ ಇಳಿಜಾರು ವರ್ಷವರ್ಷವೂ ಕುಗ್ಗುವುದನ್ನು ಕ್ಲಬ್ಬಿನ ಹಿರಿಯರು ಕಣ್ಣಾರೆ ಕಂಡರು. ಮನುಷ್ಯ ಪ್ರೀತಿಯಿಂದ ಬಳಸಿದ ಜಾಗದ ನಷ್ಟ ಮಾತ್ರವೇ ಅವನಿಗೆ ನಷ್ಟವೆಂದು ತೋರುತ್ತದೆಯೇನೋ.

ವಿಶ್ವಸಂಸ್ಥೆಯು 2025ನ್ನು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಸಾರಿ, ಮಾರ್ಚ್ 21ನ್ನು ವಿಶ್ವ ಹಿಮನದಿ ದಿನವನ್ನಾಗಿ ಗೊತ್ತುಪಡಿಸಿತು. ನಿಮ್ಮಲ್ಲಿ ಕೆಲವರು ಈಗ ಉಪಾಧ್ಯಾಯರಾಗಿದ್ದೀರಿ. ಹಿಮರೇಖೆಯ ಪಾಠ ಬಂದಾಗ ಪರ್ವತದ ನೆತ್ತಿಗೆ ಅವಶ್ಯವಾಗಿ ಬಿಳಿ ಬಳಿಯಿರಿ. 'ಶಾಶ್ವತ' ಎಂಬ ಪದವನ್ನು ಮಾತ್ರ ಬರೆಸಬೇಡಿ. ನಿಮ್ಮ ಗುರು ತಪ್ಪು ಹೇಳಿಕೊಟ್ಟಿದ್ದನೆಂದು ಮಕ್ಕಳಿಗೆ ತಿಳಿಸಿದರೂ ನನಗೆ ಸಂತೋಷವೇ.