ಹೊರನಾಡಿನ ಪಾಂಡವರು

ಫುಟ್‌ಬಾಲ್ ಋತು ಮುಗಿದು ಮುಂದಿನದು ಆರಂಭವಾಗುವವರೆಗಿನ ತಿಂಗಳುಗಳಲ್ಲಿ, ಮೈದಾನದಲ್ಲಿ ಹುಲ್ಲು ಬೆಳೆಯುವುದನ್ನು ಬಿಟ್ಟರೆ ಬೇರೇನೂ ನಡೆಯುವುದಿಲ್ಲವೆಂದು ಹೊರಗಿನವರಿಗೆ ತೋರುತ್ತದೆ. ಆದರೆ ಬರಲಿರುವ ವರ್ಷದ ಸೋಲು ಗೆಲುವುಗಳ ದೊಡ್ಡ ಪಾಲು ನಿಶ್ಚಯವಾಗುವುದು ಆ ತಿಂಗಳುಗಳಲ್ಲೇ. ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬೀಳ್ಕೊಡುವುದು, ಯಾವ ಸ್ಥಾನ ತೆರವಾಗಿದೆ, ಅದನ್ನು ತುಂಬಬಲ್ಲವನು ಯಾವ ಊರಿನಲ್ಲಿದ್ದಾನೆ ಎಂಬ ಪ್ರಶ್ನೆಗಳನ್ನು ಪ್ರತಿಯೊಂದು ಕ್ಲಬ್ಬೂ ಪ್ರತಿ ವರ್ಷ ಎದುರಿಸಬೇಕು. ಆಟಗಾರನು ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹೋಗುವುದನ್ನು ನಮ್ಮ ಪತ್ರಿಕೆಗಳು ‘ವರ್ಗಾವಣೆ’ ಎಂದೇ ಬರೆಯುತ್ತವೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರಿಗೆ ಆ ಪದದ ರುಚಿ ಚೆನ್ನಾಗಿಯೇ ಗೊತ್ತು. ಊರು, ಭಾಷೆ, ಊಟ, ನೆರೆಹೊರೆಗಳೆಲ್ಲ ಒಂದು ಆದೇಶಪತ್ರದ ಬೆನ್ನಲ್ಲೇ ಬದಲಾಗುತ್ತವೆ.

ಯುರೋಪಿನ ಕ್ಲಬ್ಬುಗಳ ಕೋಟಿಗಟ್ಟಲೆ ಹಣದ ವರ್ಗಾವಣೆಗಳ ಸುದ್ದಿಯನ್ನು ನಾವು ದಿನವೂ ಓದುತ್ತೇವೆ. ಇಲ್ಲಿ ನಾನು ಹೇಳಹೊರಟಿರುವುದು ನಮ್ಮ ದೇಶದ್ದೇ ಆದ ಒಂದು ಕಥೆಯನ್ನು. ಆಟಗಾರರೆಲ್ಲ ಲೆಕ್ಕಪತ್ರದ ಮಟ್ಟಿಗೆ ಹವ್ಯಾಸಿಗಳೇ ಆಗಿದ್ದ ಕಾಲದಲ್ಲಿ, 1949ರಲ್ಲಿ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ತನ್ನ ಮುಂಚೂಣಿಯನ್ನು ಕಟ್ಟಿಕೊಂಡ ಕಥೆ ಅದು. ಬೆಂಗಳೂರಿಗೂ ಅದರಲ್ಲಿ ಪಾಲಿದೆ.

ಈ ಕ್ಲಬ್ಬು ಹುಟ್ಟಿದ್ದೇ ತಂಡದ ಆಯ್ಕೆಯ ಜಗಳದಿಂದ. 1920ರ ಜುಲೈ 28ರಂದು ಮೋಹನ್ ಬಾಗಾನ್ ಎದುರಿನ ಪಂದ್ಯಕ್ಕೆ ಜೋಡಾಬಾಗಾನ್ ಕ್ಲಬ್ಬು ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕೈಬಿಟ್ಟಿತು. ಆತ ಪೂರ್ವ ಬಂಗಾಳದವನೆಂಬುದೇ ಇದಕ್ಕೆ ಕಾರಣವೆಂದು ಹಲವರು ಭಾವಿಸಿದರು. ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದ ಸುರೇಶ್‌ಚಂದ್ರ ಚೌಧುರಿ ಅದನ್ನು ಪ್ರತಿಭಟಿಸಿ ಹೊರಬಂದರು. ಆಗಸ್ಟ್ 1ರಂದು ಹೊಸ ಕ್ಲಬ್ಬು ಸ್ಥಾಪನೆಯಾಯಿತು. ಅದರ ಹೆಸರೇ ಅದರ ಉದ್ದೇಶವನ್ನು ಸಾರುತ್ತಿತ್ತು. ಪದ್ಮಾ ನದಿಯ ಆಚೆಯಿಂದ ಬಂದವರಿಗೆ ಮಹಾನಗರದಲ್ಲಿ ತಮ್ಮದೆನ್ನುವ ಒಂದು ನೆಲೆ ಬೇಕಾಗಿತ್ತು. ಕಲ್ಕತ್ತೆಯವರು ಅವರನ್ನು ‘ಬಾಙಾಲ್’ ಎಂದು ಕರೆಯುತ್ತಿದ್ದರು, ಅವರ ಉಚ್ಚಾರಣೆಯನ್ನು ನಕಲು ಮಾಡಿ ನಗುತ್ತಿದ್ದರು. ಮುಂಬಯಿ ಅಥವಾ ದೆಹಲಿಗೆ ಬಂದ ಮೊದಲ ವರ್ಷಗಳಲ್ಲಿ ನಮ್ಮ ಹಿಂದಿಯನ್ನು ಕೇಳಿ ನಕ್ಕವರನ್ನು ನೆನೆದರೆ ಆ ನಗೆಯ ಬಗೆ ಅರ್ಥವಾದೀತು.

ಹೀಗೆ ಪ್ರದೇಶಾಭಿಮಾನದಿಂದ ಹುಟ್ಟಿದ ಕ್ಲಬ್ಬು ಪೂರ್ವ ಬಂಗಾಳದವರನ್ನೇ ಆರಿಸಿಕೊಂಡು ಆಡಿದ್ದರೆ ಅದು ಸಹಜವೇ ಆಗಿರುತ್ತಿತ್ತು. ಆದರೆ ಕಲ್ಕತ್ತೆಯ ಫುಟ್‌ಬಾಲ್ ಅಷ್ಟರಲ್ಲಿ ಬೇರೊಂದು ಪಾಠವನ್ನು ಕಲಿಸಿತ್ತು. 1934ರಿಂದ 1938ರವರೆಗೆ ಸತತ ಐದು ವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬು ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಬಂಗಾಳದ ಮುಸ್ಲಿಮರ ಹೆಮ್ಮೆಯಾಗಿದ್ದ ಆ ತಂಡ ದೇಶದ ನಾನಾ ಭಾಗಗಳಿಂದ ಆಟಗಾರರನ್ನು ಕರೆತಂದಿತ್ತು. ಆಗಿನ ಬೆಂಗಳೂರು ಫುಟ್‌ಬಾಲಿನ ದೊಡ್ಡ ಕಣಜಗಳಲ್ಲೊಂದು. ದಂಡುಪ್ರದೇಶದ ಬ್ರಿಟಿಷ್ ಪಲ್ಟನ್ನುಗಳ ಆಟವನ್ನು ನೋಡುತ್ತ, ಅವರೊಂದಿಗೇ ಆಡುತ್ತ, ಅಲ್ಲಿನ ಬಡಾವಣೆಗಳ ಹುಡುಗರು ಬರಿಗಾಲಿನಲ್ಲಿ ಚೆಂಡನ್ನು ಪಳಗಿಸಿಕೊಂಡಿದ್ದರು. ಮುಂಬಯಿಯ ರೋವರ್ಸ್ ಕಪ್ಪನ್ನು 1937 ಮತ್ತು 1938ರಲ್ಲಿ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ.

ಈಸ್ಟ್ ಬೆಂಗಾಲ್ ಮೊದಲ ಬಾರಿ ಲೀಗ್ ಗೆದ್ದದ್ದು 1942ರಲ್ಲಿ, ಐಎಫ್ಎ ಶೀಲ್ಡ್ ಗೆದ್ದದ್ದು 1943ರಲ್ಲಿ. 1945 ಮತ್ತು 1946ರಲ್ಲಿ ಮತ್ತೆ ಲೀಗ್ ಅದರ ಪಾಲಾಯಿತು. ಆಮೇಲೆ ನಗರಕ್ಕೇ ಗ್ರಹಣ ಹಿಡಿಯಿತು. 1946ರ ಆಗಸ್ಟಿನ ಕಗ್ಗೊಲೆಗಳಾದವು; ಮರುವರ್ಷ ದೇಶವೇ ಇಬ್ಭಾಗವಾಯಿತು. ಸ್ವಾತಂತ್ರ್ಯ ಬಂದಾಗ ಕ್ಲಬ್ಬಿನ ಹೆಸರಿನಲ್ಲಿದ್ದ ನಾಡು ಇನ್ನೊಂದು ದೇಶಕ್ಕೆ ಸೇರಿತ್ತು. 1947 ಮತ್ತು 1948ರ ಶೀಲ್ಡ್ ಮೋಹನ್ ಬಾಗಾನಿಗೆ ಹೋಯಿತು. 1948ರ ಲೀಗ್ ಮೊಹಮ್ಮಡನ್ ಸ್ಪೋರ್ಟಿಂಗಿಗೆ. ಸಿಯಾಲ್ದಾ ನಿಲ್ದಾಣದ ಪ್ಲಾಟ್‌ಫಾರ್ಮುಗಳು ನಿರಾಶ್ರಿತರಿಂದ ತುಂಬಿದ್ದವು. ಜಾದವಪುರದ ಸುತ್ತಮುತ್ತ ರಾತ್ರೋರಾತ್ರಿ ಬಿದಿರಿನ ಗುಡಿಸಲುಗಳ ಕಾಲೊನಿಗಳು ಏಳುತ್ತಿದ್ದವು. ಮನೆ, ಹೊಲ, ನದಿ ಎಲ್ಲವನ್ನೂ ಬಿಟ್ಟು ಬಂದ ಈ ಜನರಿಗೆ ತಮ್ಮ ಊರಿನ ಹೆಸರನ್ನು ಎಲ್ಲರೆದುರು ಕೂಗಿ ಹೇಳಲು ಉಳಿದ ಜಾಗಗಳಲ್ಲಿ ಮೈದಾನದ ಗ್ಯಾಲರಿಯೂ ಒಂದು. ಅವರ ಕೆಂಪು ಹಳದಿ ತಂಡ ಸೋಲುವಂತಿರಲಿಲ್ಲ.

ಈ ಹೊತ್ತಿನಲ್ಲಿ ತಂಡವನ್ನು ಕಟ್ಟಿದ ಕೀರ್ತಿ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್‌ಚಂದ್ರ ಗುಹಾ ಅವರಿಗೆ ಸಲ್ಲುತ್ತದೆ. ಅವರು ತಂಡವನ್ನು ಒಮ್ಮೆಗೇ ಕೆಡವಿ ಹೊಸದಾಗಿ ಕಟ್ಟಲಿಲ್ಲ. ಆಗಿನ ಆಟದಲ್ಲಿ ಇಬ್ಬರು ರಕ್ಷಕರು, ಮೂವರು ನಡುವಿನವರು ಮತ್ತು ಐವರು ಮುಂಚೂಣಿಯವರು ಇರುತ್ತಿದ್ದರು. ಮುಂಚೂಣಿಯಲ್ಲಿ ಎರಡು ಅಂಚುಗಳಿಗೆ ಇಬ್ಬರು ಓಟಗಾರರು ಬೇಕು. ಅವರಿಗೂ ನಡುವಿನವನಿಗೂ ಸಂಪರ್ಕ ಕಲ್ಪಿಸುವ ಇಬ್ಬರು ಒಳ ಆಟಗಾರರು ಬೇಕು. ಕೊನೆಗೆ ಗೋಲಿನ ಎದುರು ನಿಲ್ಲುವ ಒಬ್ಬ ಬೇಕು. ಬಲಗಡೆಯ ಒಳಸ್ಥಾನಕ್ಕೆ ಅಪ್ಪಾರಾವ್, ಎಡ ಅಂಚಿಗೆ ಸಾಲೆ ಮೊದಲೇ ಬಂದಿದ್ದರು. ಬಲ ಅಂಚಿಗೆ ವೆಂಕಟೇಶ್, ನಡುವಿಗೆ ಧನರಾಜ್ ಬಂದರು. ಉಳಿದದ್ದು ಎಡಗಡೆಯ ಒಳಸ್ಥಾನ. 1949ರಲ್ಲಿ ಬೆಂಗಳೂರಿನ ಅಹಮದ್ ಖಾನ್ ಬಂದಾಗ ಸಾಲು ಪೂರ್ಣವಾಯಿತು.

ಅಹಮದ್ ಖಾನ್ ಹಿಂದಿನ ವರ್ಷವಷ್ಟೇ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿ ಬಂದಿದ್ದರು. 1948ರ ಜುಲೈ 31ರಂದು ಫ್ರಾನ್ಸ್ ಎದುರು ಭಾರತ 2-1ರಿಂದ ಸೋತಿತ್ತು. ಎರಡು ಪೆನಾಲ್ಟಿಗಳು ಕೈತಪ್ಪಿದ್ದವು. ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಬಹುಪಾಲು ಭಾರತೀಯರು ಬೂಟಿಲ್ಲದೆ ಆಡಿದ ಆ ಪಂದ್ಯದ ಮಾತು ಹೊರದೇಶದಲ್ಲೂ ಹಬ್ಬಿತು. ಚೆಂಡನ್ನು ಪಾದಕ್ಕೆ ಅಂಟಿಸಿಕೊಂಡಂತೆ ಎದುರಾಳಿಗಳ ನಡುವೆ ನುಸುಳುತ್ತಿದ್ದ ಅಹಮದ್ ಖಾನರನ್ನು ಅಭಿಮಾನಿಗಳು ಹಾವಾಡಿಗನೆಂದು ಕರೆದರು.

ಐವರೂ ದಕ್ಷಿಣದವರು. ಅವರಲ್ಲಿ ಒಬ್ಬರೂ ಬಂಗಾಳಿಯಲ್ಲ. ಕಲ್ಕತ್ತೆ ಅವರಿಗೆ ‘ಪಂಚಪಾಂಡವರು’ ಎಂದು ಹೆಸರಿಟ್ಟಿತು. ಐದು ಜನ ಎಂಬ ಲೆಕ್ಕವೇ ಆ ಹೆಸರಿಗೆ ಸಾಕಿತ್ತು, ನಿಜ. ಆದರೂ ಆ ಹೆಸರನ್ನು ಕೂಗುತ್ತಿದ್ದವರು ಯಾರೆಂದು ನೆನೆದರೆ ಇನ್ನೊಂದು ಅರ್ಥವೂ ಹೊಳೆಯುತ್ತದೆ. ರಾಜ್ಯ ಕಳೆದುಕೊಂಡು ಪರರ ನಾಡಿನಲ್ಲಿ ದಿನ ಕಳೆದವರು ಪಾಂಡವರು. ವಿರಾಟನ ಅರಮನೆಯಲ್ಲಿ ಒಬ್ಬ ಅಡುಗೆಯವನಾದ, ಒಬ್ಬ ನಾಟ್ಯ ಕಲಿಸಿದ, ಒಬ್ಬ ಕುದುರೆಗಳನ್ನು ನೋಡಿಕೊಂಡ. ಐವರಿಗೂ ಬೇರೆ ಬೇರೆ ಕೆಲಸ, ಆದರೆ ಕಾಯುತ್ತಿದ್ದ ಗಳಿಗೆ ಒಂದೇ. ಗ್ಯಾಲರಿಯ ನಿರಾಶ್ರಿತನಿಗೆ ಆ ಕಥೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಫಲಿತಾಂಶ ತಡವಾಗಲಿಲ್ಲ. 1949ರಲ್ಲೇ ಲೀಗ್, ಶೀಲ್ಡ್ ಮತ್ತು ರೋವರ್ಸ್ ಕಪ್ ಮೂರೂ ಬಂದವು. 1950 ಮತ್ತು 1951ರಲ್ಲಿಯೂ ಶೀಲ್ಡ್ ಗೆದ್ದು ಸತತ ಮೂರು ವರ್ಷದ ಸಾಧನೆ ಮಾಡಿದರು. ಲೀಗ್ 1950 ಮತ್ತು 1952ರಲ್ಲಿ ಮತ್ತೆ ಬಂತು. ದೆಹಲಿಯ ಡ್ಯುರಾಂಡ್ ಕಪ್ 1951 ಹಾಗೂ 1952ರಲ್ಲಿ ಅವರದಾಯಿತು. 1953ರಲ್ಲಿ ತಂಡ ರೊಮೇನಿಯಾ ಮತ್ತು ಸೋವಿಯತ್ ಒಕ್ಕೂಟಕ್ಕೂ ಹೋಗಿಬಂತು.

ಪೂರ್ವ ಬಂಗಾಳದ ಮಾನವನ್ನು ಹೀಗೆ ಕಾದವರು ಪದ್ಮಾ ನದಿಯನ್ನು ಕಾಣದಿದ್ದ ತೆಂಕಣದವರು. ಅಭಿಮಾನಿಗಳಿಗೆ ಇದು ವಿರೋಧಾಭಾಸವಾಗಿ ಕಾಣಲಿಲ್ಲ. ತಮ್ಮ ಬಣ್ಣವನ್ನು ತೊಟ್ಟು ಮಳೆಯಲ್ಲಿ, ಕೆಸರಿನಲ್ಲಿ ತಮಗಾಗಿ ಓಡಿದವನು ತಮ್ಮವನೆಂದು ಅವರು ಒಪ್ಪಿಕೊಂಡರು. ಹುಟ್ಟಿದ ಊರಿನ ಕಾರಣದಿಂದ ಒಬ್ಬ ಆಟಗಾರನನ್ನು ಕೈಬಿಟ್ಟರೆಂಬ ಸಿಟ್ಟಿನಿಂದ ಆರಂಭವಾದ ಕ್ಲಬ್ಬು, ಮೂವತ್ತು ವರ್ಷಗಳೊಳಗೆ ಆಟಗಾರನ ಹುಟ್ಟೂರನ್ನು ಕೇಳುವುದನ್ನೇ ನಿಲ್ಲಿಸಿತ್ತು. ಗುಹಾ ಅವರ ಯೋಜನೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಇದು. ಯಾರು ಪ್ರಸಿದ್ಧರು, ಯಾರು ನಮ್ಮವರು ಎಂಬ ಪ್ರಶ್ನೆಗಳಿಗಿಂತ ಮೊದಲು, ಸಾಲಿನಲ್ಲಿ ಯಾವ ಜಾಗ ಖಾಲಿಯಿದೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತ್ತು.

ಆದರೆ ಅದೇ ಪ್ರಶ್ನೆಯನ್ನು ಪ್ರತಿ ವರ್ಷವೂ ಕೇಳಬೇಕಾಗುತ್ತದೆ. ಐವರು ಒಟ್ಟಿಗೆ ಗೆದ್ದರು. ಐವರಿಗೂ ವಯಸ್ಸಾಗುತ್ತ ಬಂದಿತ್ತು. ಆಟವೂ ಬದಲಾಗುತ್ತಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೋಸ್ಲಾವಿಯ ಭಾರತವನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಅಹಮದ್ ಖಾನರದು. ಅದರ ನಂತರ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಬರಿಗಾಲಿನ ನಯಕ್ಕೆ ಒಗ್ಗಿದ್ದ ಆಟ ಹೊಸ ಅಭ್ಯಾಸವನ್ನು ಬೇಡಿತು. 1953ರ ನಂತರ ಆ ಸಾಲು ಚದುರಿದಾಗ ಅದರ ಹಿಂದೆ ಅಷ್ಟೇ ಬಲದ ಇನ್ನೊಂದು ಸಾಲು ಸಿದ್ಧವಾಗಿರಲಿಲ್ಲ. 1952ರಲ್ಲಿ ಲೀಗ್ ಗೆದ್ದ ಈಸ್ಟ್ ಬೆಂಗಾಲ್ ಮತ್ತೆ ಅದನ್ನು ಗೆಲ್ಲಲು 1961ರವರೆಗೆ ಕಾಯಬೇಕಾಯಿತು. ಒಂದು ಅದ್ಭುತ ತಂಡವನ್ನು ಕಟ್ಟುವುದಕ್ಕಿಂತ, ಅದು ಗೆಲ್ಲುತ್ತಿರುವಾಗಲೇ ಅದರ ಉತ್ತರಾಧಿಕಾರಿಗಳನ್ನು ಹುಡುಕುವುದು ಕಷ್ಟ. ಗೆಲ್ಲುತ್ತಿರುವ ಮನೆಯಲ್ಲಿ ನಾಳೆಯ ಚಿಂತೆ ಅಪಶಕುನದಂತೆ ಕೇಳಿಸುತ್ತದೆ.

ಆಟಗಾರರನ್ನು ಕಳಿಸಿಕೊಟ್ಟ ಊರಿನ ಲೆಕ್ಕವೂ ಇದರಲ್ಲಿದೆ. ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡ 1946-47 ಮತ್ತು 1952-53ರಲ್ಲಿ ಬಂಗಾಳವನ್ನೇ ಸೋಲಿಸಿ ಗೆದ್ದಿತ್ತು. 1967-68 ಮತ್ತು 1968-69ರಲ್ಲಿ ಮತ್ತೆ ಗೆದ್ದಿತು. ಅಲ್ಲಿಂದ ಮುಂದೆ ಕರ್ನಾಟಕ ಆ ಟ್ರೋಫಿಯನ್ನು ಎತ್ತಿದ್ದು 54 ವರ್ಷಗಳ ನಂತರ, 2023ರ ಮಾರ್ಚಿನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಈ ದೀರ್ಘ ಬರಕ್ಕೆ ಕಾರಣಗಳು ಹಲವು, ಕಲ್ಕತ್ತೆಯನ್ನೊಂದನ್ನೇ ದೂರಲಾಗದು. ಆದರೆ ಒಂದು ತಂಡದ ಖಾಲಿ ಜಾಗ ತುಂಬಿದಾಗ ಇನ್ನೆಲ್ಲೋ ಒಂದು ಜಾಗ ಖಾಲಿಯಾಗುತ್ತದೆ ಎಂಬುದನ್ನು, ಊರಿನಲ್ಲಿ ಬೀಗ ಹಾಕಿದ ಮನೆಗಳನ್ನು ಬಿಟ್ಟು ಬಂದಿರುವ ನಾವು ಮರೆಯಲಾರೆವು.

1961ರಲ್ಲಿ ಈಸ್ಟ್ ಬೆಂಗಾಲಿಗೆ ಲೀಗನ್ನು ಮರಳಿ ತಂದುಕೊಟ್ಟ ತಂಡದ ನಾಯಕನೂ ಬಂಗಾಳದವನಾಗಿರಲಿಲ್ಲ. ಅವರು ಸಿಕಂದರಾಬಾದಿನ ಬಡಾವಣೆಯೊಂದರಿಂದ ಬಂದ ತುಳಸೀದಾಸ್ ಬಲರಾಮ್. ಆಟ ಮುಗಿದ ಮೇಲೂ ಅವರು ತಮ್ಮ ಊರಿಗೆ ಮರಳಲಿಲ್ಲ. ಹೂಗ್ಲಿ ತೀರದ ಉತ್ತರಪಾಡಾದಲ್ಲಿ ನೆಲೆಸಿ, 2023ರ ಫೆಬ್ರವರಿಯಲ್ಲಿ ಬಂಗಾಳದಲ್ಲೇ ತೀರಿಕೊಂಡರು. ಸುಮಾರು ಹತ್ತು ವರ್ಷ ಕೆಂಪು ಹಳದಿ ತೊಟ್ಟಿದ್ದ ಅಹಮದ್ ಖಾನ್ ಬೆಂಗಳೂರಿಗೆ ಹಿಂದಿರುಗಿದರು. 2017ರ ಆಗಸ್ಟಿನಲ್ಲಿ ಅವರು ಕಣ್ಮುಚ್ಚಿದ್ದು ಹುಟ್ಟೂರಿನಲ್ಲಿ. ಒಬ್ಬರು ಉಳಿದರು, ಒಬ್ಬರು ಮರಳಿದರು. ಈಸ್ಟ್ ಬೆಂಗಾಲಿನ ಅಭಿಮಾನಿಗಳು ಇಬ್ಬರನ್ನೂ ತಮ್ಮವರೆಂದೇ ಇಂದಿಗೂ ಹೇಳಿಕೊಳ್ಳುತ್ತಾರೆ.