ಉಗಿಬಂಡಿಯ ಫೈರ್‌ಮನ್: ಬೆಂಕಿ, ನೀರು ಮತ್ತು ಹೊತ್ತಿನ ಲೆಕ್ಕ

ಉಗಿಬಂಡಿಗಳ ಕಾಲದಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬಂದರೆ ಮೆಚ್ಚುಗೆ ಸಲ್ಲುತ್ತಿದ್ದುದು ಚಾಲಕನಿಗೆ. ಆದರೆ ಚಾಲಕನ ಕೈಗೆ ಹಬೆಯನ್ನು ಒದಗಿಸುತ್ತಿದ್ದವನು ಆತನ ಪಕ್ಕದಲ್ಲಿ ಸಲಿಕೆ ಹಿಡಿದು ನಿಂತಿರುತ್ತಿದ್ದ ಫೈರ್‌ಮನ್. ಈ ಕೆಲಸವನ್ನು ಕೇವಲ ಕಲ್ಲಿದ್ದಲು ಎಸೆಯುವ ಕೂಲಿಯೆಂದು ಭಾವಿಸಿದವರೇ ಹೆಚ್ಚು. ವಾಸ್ತವದಲ್ಲಿ ಅದು ಕಣ್ಣು, ಕಿವಿ ಹಾಗೂ ಅನುಭವವನ್ನು ಬೇಡುವ ವಿದ್ಯೆಯಾಗಿತ್ತು.

ಬೆಂಗಳೂರು-ಮೈಸೂರು ನಡುವಿನ ಮೀಟರ್‌ಗೇಜ್ ಮಾರ್ಗ 1882ರಲ್ಲಿ ಪೂರ್ಣಗೊಂಡಿತು. ಅತ್ತ ಹುಬ್ಬಳ್ಳಿಯು ಸದರ್ನ್ ಮರಾಠಾ ರೈಲ್ವೆಯ ಪ್ರಮುಖ ಕೇಂದ್ರವಾಗಿ ಬೆಳೆಯಿತು. 1951ರ ಏಪ್ರಿಲ್ 14ರಂದು ಮೈಸೂರು ರಾಜ್ಯ ರೈಲ್ವೆಯು ಇತರ ಎರಡು ಕಂಪನಿಗಳ ಮಾರ್ಗಗಳೊಂದಿಗೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ಈ ಮಾರ್ಗಗಳಲ್ಲಿ ತಲೆಮಾರುಗಳ ಕಾಲ ಸಾವಿರಾರು ಕುಟುಂಬಗಳು ಲೋಕೋ ಶೆಡ್‌ಗಳನ್ನೇ ನಂಬಿ ಬದುಕಿದವು.

ಹುದ್ದೆಯ ಮೆಟ್ಟಿಲುಗಳು

ಸಾಮಾನ್ಯವಾಗಿ ಎಂಜಿನ್ ಒರೆಸುವ ಖಲಾಸಿಯಾಗಿ ಸೇರಿದವನು ಎರಡನೇ ಫೈರ್‌ಮನ್, ಮೊದಲನೇ ಫೈರ್‌ಮನ್, ಶಂಟರ್ ಎಂಬ ಮೆಟ್ಟಿಲುಗಳನ್ನು ಏರಿ ಚಾಲಕನಾಗುತ್ತಿದ್ದ. ದೊಡ್ಡ ಎಂಜಿನ್‌ಗಳಲ್ಲಿ ಚಾಲಕನೊಂದಿಗೆ ಇಬ್ಬರು ಫೈರ್‌ಮನ್‌ಗಳಿರುತ್ತಿದ್ದರು. ಟೆಂಡರ್‌ನಲ್ಲಿದ್ದ ದಪ್ಪ ಗಟ್ಟಿಗಳನ್ನು ಒಡೆದು ಮುಂದಕ್ಕೆ ಎಳೆದುಕೊಡುವುದು ಎರಡನೆಯವನ ಪಾಲು. ಬೆಂಕಿ ಮತ್ತು ನೀರಿನ ಹೊಣೆ ಮೊದಲನೆಯವನದು.

ಡ್ಯೂಟಿಯ ಕರೆ ಯಾವ ಹೊತ್ತಿಗೆ ಬರುವುದೆಂದು ಹೇಳಲಾಗುತ್ತಿರಲಿಲ್ಲ. ಶೆಡ್‌ನಿಂದ ಬರುವ ಕಾಲ್‌ಬಾಯ್ ನಡುರಾತ್ರಿಯಲ್ಲಿ ಬಾಗಿಲು ತಟ್ಟಿ, ಪುಸ್ತಕದಲ್ಲಿ ಸಹಿ ಪಡೆದು ಹೋಗುತ್ತಿದ್ದ. ರೈಲು ಹೊರಡುವುದಕ್ಕೆ ಬಹಳ ಮುಂಚೆಯೇ ಫೈರ್‌ಮನ್ ಶೆಡ್ ತಲುಪಿ ನೀರಿನ ಮಟ್ಟ, ಕುಲುಮೆಯ ಸ್ಥಿತಿ, ಬೂದಿಪೆಟ್ಟಿಗೆ ಎಲ್ಲವನ್ನೂ ಪರೀಕ್ಷಿಸಬೇಕಿತ್ತು. ಹಬೆಯು ಅರ್ಧ ಗಂಟೆಯಲ್ಲಿ ಸಿದ್ಧವಾಗುವ ವಸ್ತುವಲ್ಲ. ತಣ್ಣಗಿದ್ದ ಬಾಯ್ಲರ್ ಕಾಯಲು ಹಲವು ಗಂಟೆಗಳೇ ಬೇಕಾಗುತ್ತಿದ್ದವು.

ಬೆಂಕಿಯ ವಿದ್ಯೆ

ವೈಪಿ ಮಾದರಿಯ ಎಂಜಿನ್‌ಗಳು ಮೀಟರ್‌ಗೇಜ್‌ನ ಪ್ರಯಾಣಿಕ ರೈಲುಗಳಿಗಾಗಿ 1949ರ ನಂತರ 800ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದವು. ಇವುಗಳ ಬಾಯ್ಲರ್ ಒತ್ತಡ ಚದರ ಇಂಚಿಗೆ 210 ಪೌಂಡ್. ಆ ಒತ್ತಡವನ್ನು ದಾರಿಯುದ್ದಕ್ಕೂ ಕಾಯ್ದುಕೊಳ್ಳುವುದು ಸಲಿಕೆಯ ಲೆಕ್ಕದ ಮೇಲೆ ನಿಂತಿತ್ತು. ಸ್ವಲ್ಪ ಸ್ವಲ್ಪವೇ, ಆದರೆ ಪದೇ ಪದೇ ಹಾಕಬೇಕೆಂಬುದು ಮೊದಲ ಪಾಠ. ಒಮ್ಮೆಲೇ ಹೆಚ್ಚು ಸುರಿದರೆ ಬೆಂಕಿ ಮಂಕಾಗಿ, ಚಿಮಣಿಯಿಂದ ಕಪ್ಪು ಹೊಗೆ ಏಳುತ್ತಿತ್ತು. ಎಲ್ಲಾದರೂ ಬರಿದಾದ ತೂತು ಬಿದ್ದರೆ ಅಲ್ಲಿಂದ ತಣ್ಣನೆಯ ಗಾಳಿ ನುಗ್ಗಿ ಹಬೆ ಇಳಿಯುತ್ತಿತ್ತು. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ಅದು ಕರಗಿ ಹೆಪ್ಪುಗಟ್ಟಿದ ಕಿಟ್ಟವನ್ನು ಉದ್ದನೆಯ ಕಬ್ಬಿಣದ ಸರಳಿನಿಂದ ಕೆದಕಿ ತೆಗೆಯುವುದು ದಾರಿಯ ನಡುವೆಯೂ ತಪ್ಪುತ್ತಿರಲಿಲ್ಲ.

ಬೆಂಕಿಗಿಂತ ಅಪಾಯಕಾರಿಯಾದುದು ನೀರಿನ ಮಟ್ಟ. ಕುಲುಮೆಯ ಮೇಲ್ಛಾವಣಿಯ ತಗಡು ಸದಾ ನೀರಿನಡಿ ಇರಬೇಕು. ಅದು ಬಯಲಾದರೆ ಕಾದು ಮೆತ್ತಗಾಗಿ ಬಾಯ್ಲರ್ ಸಿಡಿಯುವ ಭಯ. ಇದನ್ನು ತಡೆಯಲೆಂದೇ ಅಲ್ಲಿ ಸೀಸ ತುಂಬಿದ ಬಿರಡೆಯನ್ನು ಅಳವಡಿಸಲಾಗುತ್ತಿತ್ತು. ಸೀಸ ಕರಗಿದರೆ ಹಬೆಯು ಕುಲುಮೆಗೆ ನುಗ್ಗಿ ಅಪಾಯವನ್ನು ಸಾರುತ್ತಿತ್ತು. ಗಾಜಿನ ನಳಿಕೆಯ ಮೇಲೆ ಕಣ್ಣಿಟ್ಟು, ಇಂಜೆಕ್ಟರ್ ಮೂಲಕ ಹದವರಿತು ನೀರು ತುಂಬುವುದು ಫೈರ್‌ಮನ್‌ನ ನಿರಂತರ ಕಾಯಕ.

ಘಟ್ಟದ ಪರೀಕ್ಷೆ

ಈ ವಿದ್ಯೆಯ ನಿಜವಾದ ಪರೀಕ್ಷೆ ಘಟ್ಟಗಳಲ್ಲಿ. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಗೆ ಇಳಿಯುವ ಮಾರ್ಗದಲ್ಲಿ 37 ಅಡಿಗೆ ಒಂದು ಅಡಿಯಷ್ಟು ಕಡಿದಾದ ಇಳಿಜಾರಿದೆ. ಏರುವಾಗ ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನ್ ಬೇಕಾಗುತ್ತಿತ್ತು. ಸುರಂಗದಲ್ಲಿ ಮುಂದಿನ ಎಂಜಿನ್ನಿನ ಹೊಗೆ ಹಿಂದಿನವರ ಮುಖಕ್ಕೇ ಬಡಿಯುತ್ತಿತ್ತು. ಚಾಲಕ ಹಬೆಯನ್ನು ತಡೆದಾಗ ಬೆಂಕಿಯ ನಾಲಗೆ ಕ್ಯಾಬಿನೊಳಕ್ಕೆ ಹಿಮ್ಮರಳದಂತೆ ಬ್ಲೋವರ್ ತೆರೆದಿಡಬೇಕಿತ್ತು. ಇಳಿಯುವಾಗಿನ ಅಪಾಯ ಬೇರೆಯದು. ಬಾಯ್ಲರ್‌ನ ನೀರು ಮುಂದಕ್ಕೆ ಹರಿದು ಕುಲುಮೆಯ ಮೇಲಿನ ನೀರು ತಗ್ಗುತ್ತಿತ್ತು. ಆದ್ದರಿಂದ ಮುಂದಿನ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ತಿರುವು ಬರುವ ಮೊದಲೇ ಬೆಂಕಿ-ನೀರುಗಳನ್ನು ಹೊಂದಿಸಬಲ್ಲವನೇ ಜಾಣ ಫೈರ್‌ಮನ್ ಎನಿಸುತ್ತಿದ್ದ.

ಇದರ ನಡುವೆ ಸಿಗ್ನಲ್ ನೋಡಿ ಗಟ್ಟಿಯಾಗಿ ಹೇಳುವುದು, ಒಂಟಿ ಹಳಿಯ ಮಾರ್ಗಗಳಲ್ಲಿ ಓಡುವ ಎಂಜಿನ್ನಿನಿಂದಲೇ ಟೋಕನ್ ಬಳೆಯನ್ನು ಹಿಡಿಯುವುದು ಮುಂತಾದ ಕೆಲಸಗಳೂ ಇದ್ದವು. ಮುಂದೆ ಕುಲುಮೆಯ ಉರಿ, ಬೆನ್ನಿಗೆ ಮಳೆ-ಗಾಳಿ. ಕಣ್ಣಿಗೆ ಹಾರುವ ಕಿಡಿ, ಎದೆಗೆ ಇಳಿಯುವ ಇದ್ದಿಲ ಧೂಳು ನಿತ್ಯದ ಸಂಗಾತಿಗಳಾಗಿದ್ದವು.

ಹೊತ್ತಿನ ಹೋರಾಟ

ಇಂಥ ದುಡಿಮೆಗೆ ಗಂಟೆಗಳ ಮಿತಿ ಇರಲಿಲ್ಲವೆಂಬುದೇ ದೊಡ್ಡ ಕೊರಗು. ಗೂಡ್ಸ್ ರೈಲುಗಳು ದಾರಿಯಲ್ಲಿ ನಿಂತಷ್ಟೂ ಡ್ಯೂಟಿ ಬೆಳೆಯುತ್ತಿತ್ತು. ರೈಲು ನಿಂತರೂ ಬೆಂಕಿಯನ್ನು ಬಿಟ್ಟು ಕದಲುವಂತಿರಲಿಲ್ಲ. 1973ರ ಆಗಸ್ಟ್‌ನಲ್ಲಿ ಎಂಜಿನ್ ಸಿಬ್ಬಂದಿ ನಡೆಸಿದ ಮುಷ್ಕರದ ನಂತರ 10 ಗಂಟೆಗಳ ಡ್ಯೂಟಿಗೆ ಸರ್ಕಾರ ಒಪ್ಪಿತು. ಮರುವರ್ಷ ಮೇ 8ರಿಂದ 27ರವರೆಗೆ ನಡೆದ ಅಖಿಲ ಭಾರತ ರೈಲ್ವೆ ಮುಷ್ಕರದ ಬೇಡಿಕೆಗಳಲ್ಲಿ 8 ಗಂಟೆಗಳ ದುಡಿಮೆಯೂ ಒಂದು. ಅದರ ಮುಂದಾಳತ್ವ ವಹಿಸಿದ್ದವರು ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್. ಸಾವಿರಾರು ನೌಕರರು ಬಂಧನಕ್ಕೊಳಗಾದರು, ಅನೇಕರು ಕೆಲಸ ಕಳೆದುಕೊಂಡರು. ವಜಾಗೊಂಡವರು 1977ರಲ್ಲಿ ಜನತಾ ಸರ್ಕಾರ ಬಂದ ಮೇಲೆ ಮರಳಿ ಸೇವೆಗೆ ಸೇರಿದರು.

ಅಷ್ಟರಲ್ಲಿ ಡೀಸೆಲ್ ಎಂಜಿನ್‌ಗಳು ಹಳಿಗಿಳಿದಿದ್ದವು. ಬ್ರಾಡ್‌ಗೇಜ್‌ನಲ್ಲಿ ನಿತ್ಯಸೇವೆಯ ಉಗಿಬಂಡಿ 1995ರ ಡಿಸೆಂಬರ್‌ನಲ್ಲಿ ಕೊನೆಯ ಬಾರಿಗೆ ಓಡಿತು. ಕೆಲವೇ ವರ್ಷಗಳಲ್ಲಿ ಮೀಟರ್‌ಗೇಜ್‌ನಲ್ಲೂ ಕುಲುಮೆಗಳು ಆರಿದವು. ಅನೇಕ ಫೈರ್‌ಮನ್‌ಗಳು ಡೀಸೆಲ್ ಅಸಿಸ್ಟೆಂಟ್‌ಗಳಾದರು. ಆ ಹುದ್ದೆಯೇ ಇಂದಿನ ಸಹಾಯಕ ಲೋಕೋ ಪೈಲಟ್. ಡಾರ್ಜಿಲಿಂಗ್‌ನಂಥ ಪಾರಂಪರಿಕ ಮಾರ್ಗಗಳಲ್ಲಿ ಮಾತ್ರ ಹಳೆಯ ವಿದ್ಯೆ ಉಳಿದುಕೊಂಡಿದೆ. 1979ರಲ್ಲಿ ಸ್ಥಾಪನೆಯಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಉಗಿ ಎಂಜಿನ್‌ಗಳನ್ನು ಕಾಣಬಹುದು.

ಸಲಿಕೆ ಹೋದರೂ ಗಂಟೆಗಳ ಪ್ರಶ್ನೆ ಹೋಗಿಲ್ಲ. ದುಡಿಮೆಯ ಅವಧಿ ಹಾಗೂ ವಿಶ್ರಾಂತಿಯ ಕುರಿತು ಲೋಕೋ ಪೈಲಟ್‌ಗಳ ಸಂಘಟನೆಗಳು ಇಂದಿಗೂ ಬೇಡಿಕೆ ಮಂಡಿಸುತ್ತಲೇ ಇವೆ. ಆ ಬೇಡಿಕೆಯ ಬೇರು ಇರುವುದು ಉಗಿಬಂಡಿಯ ಕುಲುಮೆಯ ಮುಂದೆ ರಾತ್ರಿಗಳನ್ನು ಕಳೆದ ಫೈರ್‌ಮನ್‌ಗಳ ಬೆವರಿನಲ್ಲಿ.